ಕ್ಷಾಮಪರಿಹಾರದ ವಾರ್ಷಿಕ ಲೆಕ್ಕ: ಆಕ್ಸ್‌ಫ್ಯಾಮ್ ಸಂಸ್ಥೆಯ ಇತಿಹಾಸದಿಂದ ಕೆಲವು ವಿಚಾರಗಳು

೧

ದಾನಸಂಸ್ಥೆಗಳು ವರ್ಷಕ್ಕೊಮ್ಮೆ ತಮ್ಮ ಕಾರ್ಯದ ವರದಿಯನ್ನು ಪ್ರಕಟಿಸುವುದು ಈಗ ಎಲ್ಲ ದೇಶಗಳಲ್ಲಿಯೂ ರೂಢಿಯಾಗಿರುವ ಪದ್ಧತಿ. ಎಷ್ಟು ಹಣ ಕೂಡಿತು, ಯಾವ ನಾಡುಗಳಲ್ಲಿ ವೆಚ್ಚವಾಯಿತು, ಎಷ್ಟು ಜನರಿಗೆ ನೆರವು ಮುಟ್ಟಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ವರದಿಗಳ ಸಾಮಾನ್ಯ ಕ್ರಮ. ದಾನಿಗೆ ಇಷ್ಟು ಸಾಕು. ಇತಿಹಾಸವನ್ನು ಅಭ್ಯಾಸಮಾಡುವವನಿಗೆ ಸಾಲದು. ನಮ್ಮ ನಾಡಿನ ದತ್ತಿಶಾಸನಗಳನ್ನು ಓದುವಾಗ ನಾವು, ಇಷ್ಟು ಭೂಮಿ ಇಂಥವರಿಗೆ ದತ್ತವಾಯಿತು ಎಂಬ ಸಂಗತಿಯಲ್ಲಿಯೇ ನಿಲ್ಲುವುದಿಲ್ಲ. ಕಲ್ಲಿನಲ್ಲಿ ಬರೆಸಿದವನು ಯಾರು, ಯಾವ ಸಂದರ್ಭದಲ್ಲಿ ಬರೆಸಿದನು, ಆ ಭೂಮಿಯನ್ನು ಉಳುತ್ತಿದ್ದವನ ವಿಷಯ ಶಾಸನದಲ್ಲಿ ಏಕೆ ಇಲ್ಲ ಎಂದು ಕೇಳುತ್ತೇವೆ. ವಾರ್ಷಿಕ ವರದಿಯೂ ಒಂದು ಬಗೆಯ ದತ್ತಿಶಾಸನವೇ. ಅದನ್ನು ಬರೆಯುವವನು ಕೊಟ್ಟವನು, ಪಡೆದವನಲ್ಲ.

ಈ ದೃಷ್ಟಿಯಿಂದ, ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ೧೯೪೨ರಲ್ಲಿ ಹುಟ್ಟಿ, ಮುಂದೆ ಆಕ್ಸ್‌ಫ್ಯಾಮ್ ಎಂಬ ಹೆಸರಿನಿಂದ ಲೋಕವಿಖ್ಯಾತವಾದ ಸಂಸ್ಥೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಸಂಸ್ಥೆಯ ಸಂಪೂರ್ಣ ಇತಿಹಾಸವನ್ನು ಇಲ್ಲಿ ಹೇಳುವುದಿಲ್ಲ. ಪರಿಹಾರಕಾರ್ಯದ ಫಲವನ್ನು ಅಳೆಯುವ ಮಾನದಂಡವು ಕಾಲಕಾಲಕ್ಕೆ ಹೇಗೆ ಬದಲಾಯಿತು, ವರ್ಷವೆಂಬ ಅಳತೆಗೆ ಯಾವುದು ಸಿಕ್ಕಿತು, ಯಾವುದು ಜಾರಿಹೋಯಿತು ಎಂಬಷ್ಟನ್ನು ಮಾತ್ರ ವಿಚಾರ ಮಾಡಲಾಗುವುದು.

೨

ವಿಷಯಕ್ಕೆ ಪೀಠಿಕೆಯಾಗಿ ನಮ್ಮ ನಾಡಿನ ಒಂದು ಪ್ರಸಂಗವನ್ನು ಜ್ಞಾಪಿಸಿಕೊಳ್ಳುವುದು ಉಚಿತ. ೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮವನ್ನು ಮೈಸೂರು ಸೀಮೆಯ ಜನ ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆಯು ೧೮೮೧ರ ವೇಳೆಗೆ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. ನೆರೆಯ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲನು ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದುದು, ಅದನ್ನು ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಪ್ರತಿಭಟಿಸಿದುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ.

೧೮೭೭ರ ಆಗಸ್ಟಿನಲ್ಲಿ ಮದರಾಸಿನ ಗವರ್ನರನಾದ ಬಕಿಂಗ್‌ಹ್ಯಾಮ್ ಡ್ಯೂಕನ ಅಧಿಕಾರಾವಧಿಯಲ್ಲಿ ಸೇರಿದ ಸಾರ್ವಜನಿಕ ಸಭೆಯೊಂದು ಇಂಗ್ಲೆಂಡಿನ ಜನರಲ್ಲಿ ಸಹಾಯವನ್ನು ಯಾಚಿಸಿತು. ಲಂಡನ್ ಮೇಯರನ ಮ್ಯಾನ್‌ಷನ್ ಹೌಸಿನಲ್ಲಿ ನಿಧಿಯೊಂದು ಕೂಡತೊಡಗಿತು. ಆದರೆ ಪ್ರಾಣರಕ್ಷಣೆಯು ಸರ್ಕಾರದ ಕೆಲಸ, ಖಾಸಗಿ ದಾನವು ಅದರಲ್ಲಿ ಕೈಹಾಕಬಾರದು ಎಂಬುದು ವೈಸ್‌ರಾಯ್ ಲಿಟ್ಟನನ ಸರ್ಕಾರದ ನಿಲುವಾಗಿತ್ತು. ಆದುದರಿಂದ ನಿಧಿಯ ಹಣದಲ್ಲಿ ಹೆಚ್ಚಿನ ಪಾಲು ಬಿತ್ತನೆಯ ಬೀಜ, ಎತ್ತು, ಬಟ್ಟೆ, ಮನೆಯ ಮಾಡು ಇವುಗಳಿಗೆ ವಿನಿಯೋಗವಾಯಿತು. ನಿಧಿಯ ಗೌರವ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ವಿಲಿಯಂ ಡಿಗ್ಬಿಯು ೧೮೭೮ರಲ್ಲಿ ಮದರಾಸು, ಮುಂಬಯಿ ಪ್ರಾಂತಗಳ ಮತ್ತು ಮೈಸೂರಿನ ಕ್ಷಾಮದ ವೃತ್ತಾಂತವನ್ನು ಎರಡು ಸಂಪುಟಗಳಲ್ಲಿ ಬರೆದನು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಗಂಜಿಯ ಲೆಕ್ಕಕ್ಕೂ ಎತ್ತಿನ ಲೆಕ್ಕಕ್ಕೂ ಇರುವ ಭೇದ. ಇಂದು ಉಂಡ ಗಂಜಿ ಇಂದಿನ ಲೆಕ್ಕದಲ್ಲಿ ಬರುತ್ತದೆ. ಎತ್ತು ಕೊಂಡವನ ಹೊಲ ಹಸಿರಾಯಿತೇ ಎಂಬುದು ಮುಂದಿನ ಸುಗ್ಗಿಯಲ್ಲಿ ತಿಳಿಯಬೇಕು. ಎರಡನೆಯದು, ಸರ್ಕಾರದ ಹೊಣೆ ಎಲ್ಲಿ ಮುಗಿಯುತ್ತದೆ, ದಾನದ ಹೊಣೆ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ. ಈ ಎರಡು ತೊಡಕುಗಳೂ ಮುಂದಿನ ಶತಮಾನದ ಸಂಸ್ಥೆಗಳನ್ನು ಬಿಡದೆ ಹಿಂಬಾಲಿಸಿದುವು.

೩

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಇಟಲಿ, ಬಲ್ಗೇರಿಯಗಳ ಸೇನೆಗಳು ೧೯೪೧ರಲ್ಲಿ ಗ್ರೀಸ್ ದೇಶವನ್ನು ಆಕ್ರಮಿಸಿದುವು. ಆಕ್ರಮಣಕಾರರು ದವಸವನ್ನು ದೋಚಿದರು. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಹೊರಗಿನ ಗೋಧಿಯೂ ಒಳಗೆ ಬರದಂತಾಯಿತು. ೧೯೪೧–೪೨ರ ಚಳಿಗಾಲದಲ್ಲಿ ಅಥೆನ್ಸ್ ನಗರದ ಬೀದಿಗಳಲ್ಲಿಯೇ ಜನ ಹಸಿವಿನಿಂದ ಸತ್ತರು. ಆಕ್ರಮಣದ ವರ್ಷಗಳಲ್ಲಿ ಹಸಿವು ಮತ್ತು ಅದನ್ನು ಹಿಂಬಾಲಿಸಿದ ರೋಗಗಳಿಂದ ಮಡಿದವರು ಸುಮಾರು ಮೂರು ಲಕ್ಷವೆಂದು ಅಂದಾಜು ಮಾಡಲಾಗಿದೆ. ತಟಸ್ಥ ರಾಷ್ಟ್ರವಾಗಿದ್ದ ತುರ್ಕಿಯಿಂದ ಕುರ್ತುಲುಷ್ ಎಂಬ ಹಡಗು ೧೯೪೧ರ ಅಕ್ಟೋಬರಿನಿಂದ ಆಹಾರವನ್ನು ಸಾಗಿಸಿತು. ೧೯೪೨ರ ಜನವರಿಯಲ್ಲಿ ಅದು ಮಾರ್ಮರ ಸಮುದ್ರದಲ್ಲಿ ಮುಳುಗಿಹೋಯಿತು. ಕೊನೆಗೆ ಬ್ರಿಟನ್ ಒಂದಿಷ್ಟು ಮಣಿಯಿತು. ೧೯೪೨ರ ಬೇಸಗೆಯ ಕೊನೆಯಿಂದ ಕೆನಡದ ಗೋಧಿಯು ಸ್ವೀಡನ್ನಿನ ಹಡಗುಗಳಲ್ಲಿ ರೆಡ್ ಕ್ರಾಸಿನ ಮೇಲ್ವಿಚಾರಣೆಗೆ ಒಳಪಟ್ಟು ಗ್ರೀಸಿಗೆ ಬರತೊಡಗಿತು.

ದಿಗ್ಬಂಧನವನ್ನು ಇನ್ನೂ ಸಡಿಲಿಸಬೇಕೆಂದು ಇಂಗ್ಲೆಂಡಿನಲ್ಲಿಯೇ ಒಂದು ಚಳವಳಿ ಹುಟ್ಟಿತ್ತು. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಅದರ ಕೇಂದ್ರ ಸಮಿತಿಯ ಮುಖ್ಯಸ್ಥರು. ಈ ಚಳವಳಿಯ ಅಂಗವಾಗಿ ೧೯೪೨ರ ಅಕ್ಟೋಬರ್ ೫ರಂದು ಆಕ್ಸ್‌ಫರ್ಡಿನ ಸೇಂಟ್ ಮೇರಿ ವಿಶ್ವವಿದ್ಯಾನಿಲಯ ಚರ್ಚಿನ ಹಳೆಯ ಗ್ರಂಥಭಂಡಾರದಲ್ಲಿ ಒಂದು ಸಣ್ಣ ಸಭೆ ಸೇರಿತು. ಚರ್ಚಿನ ಪಾದ್ರಿ ರಿಚರ್ಡ್ ಮಿಲ್‌ಫರ್ಡ್, ಗ್ರೀಕ್ ನಾಟಕಗಳ ಅನುವಾದಕರಾಗಿ ಪ್ರಖ್ಯಾತರಾಗಿದ್ದ ಪ್ರಾಧ್ಯಾಪಕ ಗಿಲ್ಬರ್ಟ್ ಮರ್ರೆ, ಕ್ವೇಕರ್ ಪಂಥದ ಡಾಕ್ಟರ್ ಹೆನ್ರಿ ಗಿಲ್ಲೆಟ್, ಭಾರತದ ಸಿವಿಲ್ ಸರ್ವಿಸಿನಿಂದ ನಿವೃತ್ತರಾಗಿದ್ದ ಸರ್ ಆಲನ್ ಪಿಮ್ ಮೊದಲಾದವರು ಈ ಕಾರ್ಯದ ಮೊದಲಿಗರು. ವ್ಯಾಪಾರಿಯಾದ ಸೆಸಿಲ್ ಜ್ಯಾಕ್ಸನ್-ಕೋಲ್ ಕಾರ್ಯದರ್ಶಿಯ ಹೊಣೆಯನ್ನು ಹೊತ್ತರು. ‘ಆಕ್ಸ್‌ಫರ್ಡ್ ಕ್ಷಾಮಪರಿಹಾರ ಸಮಿತಿ’ ಹುಟ್ಟಿದುದು ಹೀಗೆ.

ಇಲ್ಲಿ ಒಂದು ವಿಶೇಷವಿದೆ. ಸಮಿತಿಯು ಹಣ ಕೂಡಿಸಿತು, ನಿಜ. ಆದರೆ ಅದು ಹುಟ್ಟಿದುದು ತನ್ನ ಸರ್ಕಾರದ ಮನಸ್ಸನ್ನು ತಿರುಗಿಸುವುದಕ್ಕಾಗಿ. ಹಡಗಿಗೆ ದಾರಿ ಬಿಡುವ ಅಪ್ಪಣೆಯೊಂದು ಹೊರಟರೆ ಸಾವಿರಾರು ಟನ್ನು ಗೋಧಿ ಸಾಗುತ್ತಿತ್ತು. ಅಪ್ಪಣೆ ಇಲ್ಲದಿದ್ದರೆ ಎಷ್ಟು ಹಣವಿದ್ದರೂ ನಿರರ್ಥಕ. ಇಂತಹ ಒತ್ತಾಯದ ಫಲವನ್ನು ಯಾವ ಜಮಾ-ಖರ್ಚಿನ ಪುಸ್ತಕದಲ್ಲಿ ಬರೆಯಬೇಕು? ಮುಂದೆ ಈ ಸಂಸ್ಥೆಯು ರಾಜಕೀಯದಲ್ಲಿ ತಲೆಹಾಕುತ್ತಿದೆಯೆಂದು ಆಕ್ಷೇಪಣೆ ಕೇಳಿಬಂದಾಗಲೆಲ್ಲ, ಅದರ ಹುಟ್ಟೇ ಅಂತಹ ಕಾರ್ಯದಲ್ಲಿ ಆಯಿತೆಂಬುದನ್ನು ಆಕ್ಷೇಪಿಸಿದವರು ಮರೆತಂತೆ ಕಾಣುತ್ತದೆ.

ಅದೇ ಯುದ್ಧದ ನಡುವೆ, ೧೯೪೩ರಲ್ಲಿ, ಬಂಗಾಳದಲ್ಲಿ ಇನ್ನೂ ಘೋರವಾದ ಕ್ಷಾಮ ಬಂದಿತು. ಸರ್ಕಾರದ ವಿಚಾರಣಾ ಆಯೋಗವು ೧೯೪೫ರಲ್ಲಿ ಸತ್ತವರ ಸಂಖ್ಯೆಯನ್ನು ಹದಿನೈದು ಲಕ್ಷವೆಂದಿತು. ಅನಂತರದ ವಿದ್ವಾಂಸರ ಅಂದಾಜು ಇಪ್ಪತ್ತರಿಂದ ಮೂವತ್ತು ಲಕ್ಷ. ಗ್ರೀಸಿನಲ್ಲಿ ಶತ್ರುವಿನ ಸೇನೆಯನ್ನು ದೂರುವುದಕ್ಕೆ ಅವಕಾಶವಿತ್ತು. ಬಂಗಾಳವು ಬ್ರಿಟಿಷ್ ಆಡಳಿತಕ್ಕೇ ಸೇರಿದ್ದಿತು. ಆ ಕ್ಷಾಮದಲ್ಲಿ ಪರಿಹಾರಾಧಿಕಾರಿಯಾಗಿ ದುಡಿದ ಬಿನಯ್ ರಂಜನ್ ಸೇನರ ಹೆಸರು ಮುಂದೆ ಮತ್ತೆ ಬರಲಿದೆ.

೪

ಯುದ್ಧ ಮುಗಿದ ಮೇಲೆ ಇಂತಹ ಅನೇಕ ಊರುಗಳ ಸಮಿತಿಗಳು ತಮ್ಮ ಕೆಲಸ ತೀರಿತೆಂದು ಬಾಗಿಲು ಮುಚ್ಚಿದುವು. ಆಕ್ಸ್‌ಫರ್ಡಿನ ಸಮಿತಿ ಮುಚ್ಚಲಿಲ್ಲ. ಬ್ರಾಡ್ ಬೀದಿಯ ೧೭ನೆಯ ನಂಬರಿನಲ್ಲಿ ೧೯೪೭ರ ಕೊನೆಗೆ ಹಿಡಿದ ಅಂಗಡಿಯು, ಜನರು ದಾನವಾಗಿ ಕೊಟ್ಟ ಹಳೆಯ ಬಟ್ಟೆಬರೆ, ಒಡವೆ, ಪಾತ್ರೆಪಡಗಗಳನ್ನು ಮಾರುವ ಸ್ಥಳವಾಯಿತು. ೧೯೪೯ರಲ್ಲಿ ಸಮಿತಿಯು ತನ್ನ ಉದ್ದೇಶವನ್ನು ವಿಸ್ತರಿಸಿ, ಯುದ್ಧದಿಂದಾಗಲಿ ಬೇರೆ ಕಾರಣದಿಂದಾಗಲಿ ಪ್ರಪಂಚದ ಯಾವುದೇ ಭಾಗದಲ್ಲಿ ಒದಗುವ ಕಷ್ಟದ ನಿವಾರಣೆ ತನ್ನ ಕಾರ್ಯವೆಂದು ಗೊತ್ತುಪಡಿಸಿತು. ‘ಬೇರೆ ಕಾರಣ’ ಎಂಬ ಎರಡು ಮಾತುಗಳು ಸಾಮಾನ್ಯವಾದುವಲ್ಲ. ಯುದ್ಧಕ್ಕೆ ಒಂದು ಕೊನೆ ಉಂಟು, ಬಡತನಕ್ಕೆ ಸಂಧಿಪತ್ರವಿಲ್ಲ. ಅಂದಿನಿಂದ ಸಮಿತಿಯು ಒಂದು ಶಾಶ್ವತ ಸಂಸ್ಥೆಯಾಯಿತು, ಪ್ರತಿವರ್ಷವೂ ತನ್ನ ಇರುವಿಕೆಗೆ ಸಮರ್ಥನೆ ಕೊಡಬೇಕಾದ ಹಂಗಿಗೂ ಒಳಗಾಯಿತು.

೧೯೫೧ರಲ್ಲಿ ಬಿಹಾರದ ಕ್ಷಾಮಕ್ಕೆ ನೆರವು ಕೊಟ್ಟುದು ಯೂರೋಪಿನಿಂದ ಏಷ್ಯಕ್ಕೆ ಅದರ ದೃಷ್ಟಿ ತಿರುಗಿದುದರ ಗುರುತು. ಅದೇ ವರ್ಷ ಲೆಸ್ಲಿ ಕರ್ಕ್‌ಲಿ ಕಾರ್ಯನಿರ್ವಾಹಕರಾಗಿ ಬಂದು ೧೯೭೪ರ ವರೆಗೆ ಸಂಸ್ಥೆಯನ್ನು ನಡೆಸಿದರು. ತಂತಿಯ ವಿಳಾಸವಾಗಿದ್ದ ಆಕ್ಸ್‌ಫ್ಯಾಮ್ ಎಂಬ ಪದವು ೧೯೬೫ರಲ್ಲಿ ಸಂಸ್ಥೆಯ ಹೆಸರೇ ಆಯಿತು. ಅಷ್ಟರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಘದ ಮಹಾನಿರ್ದೇಶಕರಾಗಿದ್ದ ಬಿನಯ್ ರಂಜನ್ ಸೇನರು ೧೯೬೦ರಲ್ಲಿ ಹಸಿವಿನ ವಿಮೋಚನೆಯ ಆಂದೋಲನವನ್ನು ಆರಂಭಿಸಿದ್ದರು. ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡವರ ಆಂದೋಲನವು ಗಂಜಿಗಿಂತ ನೀರಾವರಿಗೆ, ಬೀಜಕ್ಕೆ, ವ್ಯವಸಾಯದ ಶಿಕ್ಷಣಕ್ಕೆ ಒತ್ತುಕೊಟ್ಟುದು ಸಹಜವೇ. ಆಕ್ಸ್‌ಫ್ಯಾಮ್ ಇದರಲ್ಲಿ ಉತ್ಸಾಹದಿಂದ ಪಾಲ್ಗೊಂಡಿತು. ಹೀಗೆ ೧೮೭೭ರ ಎತ್ತು ಮತ್ತು ಬೀಜಗಳ ವಿಚಾರವು ‘ಅಭಿವೃದ್ಧಿ’ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದಿತು. ವರದಿಗಳ ಭಾಷೆಯೂ ಬದಲಾಯಿತು. ಎಷ್ಟು ಕಂಬಳಿ, ಎಷ್ಟು ಹಾಲಿನ ಪುಡಿ ಎನ್ನುವ ಕಡೆ ಎಷ್ಟು ಬಾವಿ, ಎಷ್ಟು ಎಕರೆ ಎಂಬ ಲೆಕ್ಕ ಕಾಣಿಸಿಕೊಂಡಿತು.

೫

ಈ ಹೊಸ ಲೆಕ್ಕದ ಇತಿಮಿತಿಯನ್ನು ತೋರಿಸಲು ೧೯೬೬–೬೭ರ ಬಿಹಾರವು ಒಳ್ಳೆಯ ನಿದರ್ಶನ. ಒಂದರ ಹಿಂದೊಂದು ಮಳೆಗಾಲ ಕೆಟ್ಟು, ೧೯೬೭ರ ಏಪ್ರಿಲಿನಲ್ಲಿ ಸರ್ಕಾರವು ಕ್ಷಾಮವನ್ನು ವಿಧಿಪೂರ್ವಕವಾಗಿ ಘೋಷಿಸಿತು. ಸ್ವತಂತ್ರ ಭಾರತದಲ್ಲಿ ಇಂತಹ ಘೋಷಣೆ ಅಪರೂಪ. ಅಮೆರಿಕದಿಂದ ಅಪಾರವಾದ ಗೋಧಿ ಬಂದಿತು. ೧೯೬೬ರಲ್ಲಿ ಆ ದೇಶದ ಗೋಧಿಯ ಬೆಳೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಭಾರತಕ್ಕೆ ಬಂದಿತೆಂದು ಲೆಕ್ಕ. ಸರ್ಕಾರವು ನ್ಯಾಯಬೆಲೆಯ ಅಂಗಡಿಗಳನ್ನೂ ಕಾಮಗಾರಿಗಳನ್ನೂ ತೆರೆಯಿತು. ಜಯಪ್ರಕಾಶ ನಾರಾಯಣರ ನೇತೃತ್ವದಲ್ಲಿ ಬಿಹಾರ ಪರಿಹಾರ ಸಮಿತಿ ದುಡಿಯಿತು. ಕೇರ್ ಸಂಸ್ಥೆ ಶಾಲೆಯ ಮಕ್ಕಳಿಗೆ ಊಟವನ್ನು ಏರ್ಪಡಿಸಿತು. ಆಕ್ಸ್‌ಫ್ಯಾಮ್ ಕೂಡ ತನ್ನ ಶಕ್ತ್ಯನುಸಾರ ಸೇವೆಮಾಡಿತು. ಬಂಗಾಳದಂತಹ ಮಹಾಮರಣ ಸಂಭವಿಸಲಿಲ್ಲ.

ಈ ಶ್ರೇಯಸ್ಸು ಯಾರದು? ಪ್ರತಿಯೊಂದು ಸಂಸ್ಥೆಯ ವರದಿಯನ್ನೂ ಬೇರೆಬೇರೆಯಾಗಿ ಓದಿದರೆ, ಆಯಾ ಸಂಸ್ಥೆ ಉಣಿಸಿದವರ ಸಂಖ್ಯೆ ದೊರೆಯುತ್ತದೆ. ಆದರೆ ಒಬ್ಬನೇ ಬಾಲಕನು ಶಾಲೆಯಲ್ಲಿ ಒಂದು ಸಂಸ್ಥೆಯ ಹಾಲು ಕುಡಿದು, ಅವನ ತಂದೆ ಸರ್ಕಾರದ ಕೆರೆಯ ಕೆಲಸದಲ್ಲಿ ಕೂಲಿ ಪಡೆದು, ತಾಯಿ ನ್ಯಾಯಬೆಲೆಯ ಅಂಗಡಿಯಲ್ಲಿ ಅಮೆರಿಕದ ಗೋಧಿ ಕೊಂಡಿದ್ದರೆ, ಆ ಸಂಸಾರವನ್ನು ಉಳಿಸಿದವರು ಇಂಥವರೇ ಎಂದು ಹೇಳುವುದು ಹೇಗೆ? ಎಲ್ಲ ವರದಿಗಳ ಸಂಖ್ಯೆಗಳನ್ನೂ ಕೂಡಿದರೆ ಬದುಕಿದವರ ಸಂಖ್ಯೆಯು ಇದ್ದ ಜನಕ್ಕಿಂತ ಹೆಚ್ಚಾಗಿಬಿಡುವ ಅಪಾಯವಿದೆ. ಕ್ಷಾಮವನ್ನು ತಡೆದುದು ಮುಖ್ಯವಾಗಿ ಸರ್ಕಾರದ ಧಾನ್ಯವಿತರಣೆ ಮತ್ತು ಅದನ್ನು ಎಚ್ಚರಿಸುತ್ತಿದ್ದ ಪತ್ರಿಕೆ, ಶಾಸನಸಭೆಗಳು ಎಂಬ ಅಭಿಪ್ರಾಯಕ್ಕೆ ಬಲವಾದ ಆಧಾರಗಳಿವೆ. ಇದರಿಂದ ದಾನಸಂಸ್ಥೆಗಳ ಬೆಲೆ ಕಡಮೆಯಾಗುವುದಿಲ್ಲ. ಅವುಗಳ ಸ್ಥಾನ ಸ್ಪಷ್ಟವಾಗುತ್ತದೆ. ಸರ್ಕಾರದ ಕೈ ಮುಟ್ಟದ ಸಂದುಗಳಲ್ಲಿ ಅವು ಕೆಲಸಮಾಡಿದುವು. ಬರ ಹಿಂದೆಗೆದ ಬಳಿಕ ೧೯೬೮ರಲ್ಲಿ ಆಕ್ಸ್‌ಫ್ಯಾಮ್ ಬಿಹಾರದ ಸರ್ವೋದಯ ಕಾರ್ಯಕರ್ತರೊಡನೆ ಗ್ರಾಮದಾನದ ಹಳ್ಳಿಗಳಲ್ಲಿ ಒಂದು ಕಾರ್ಯಕ್ರಮವನ್ನು ಕೈಕೊಂಡಿತು. ೧೯೫೭ರಲ್ಲಿ ಮೈಸೂರಿನ ಬಳಿಯ ಇಲವಾಲದ ಸಮ್ಮೇಳನದಲ್ಲಿ ರಾಷ್ಟ್ರನಾಯಕರ ಸಮ್ಮತಿಯನ್ನು ಪಡೆದ ಗ್ರಾಮದಾನದ ವಿಚಾರವು ಹೀಗೆ ಆಕ್ಸ್‌ಫರ್ಡಿನ ಹಣವನ್ನೂ ಸೆಳೆಯಿತು.

೬

೧೯೭೧ರಲ್ಲಿ ಮತ್ತೊಂದು ಬಗೆಯ ಕಾರ್ಯ ಮುಂದೆ ಬಂದಿತು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತವನ್ನು ಹೊಕ್ಕರು. ಇಷ್ಟು ಜನರನ್ನು ಸಾಕುವುದು ಯಾವ ದಾನಸಂಸ್ಥೆಗೂ ಶಕ್ಯವಿರಲಿಲ್ಲ. ಭಾರವೆಲ್ಲ ಭಾರತದ ಮೇಲೆ ಬಿದ್ದಿತು. ಆಕ್ಸ್‌ಫ್ಯಾಮ್ ಆ ವರ್ಷದ ಅಕ್ಟೋಬರಿನಲ್ಲಿ ಅರವತ್ತು ಮಂದಿ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳನ್ನು ಒಂದು ಪುಸ್ತಿಕೆಯಾಗಿ ಅಚ್ಚುಮಾಡಿ ಪ್ರಪಂಚದ ಸರ್ಕಾರಗಳ ಮುಂದೆ ಇಟ್ಟಿತು. ಮದರ್ ತೆರೇಸಾ ಮತ್ತು ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನೆಡಿ ಅವರ ಹೇಳಿಕೆಗಳೂ ಅದರಲ್ಲಿದ್ದುವು. ಕೆಲವು ಪುಟಗಳ ಈ ಪುಸ್ತಿಕೆಗೆ ತಗುಲಿದ ವೆಚ್ಚ ಅಲ್ಪ. ಅದರ ಪರಿಣಾಮವನ್ನು ಟನ್ನುಗಳಲ್ಲಿ ತೂಗಲಾಗದು. ಸಾಕ್ಷಿ ನುಡಿಯುವುದೂ ಪರಿಹಾರದ ಒಂದು ಅಂಗವೆಂಬ, ೧೯೪೨ರಲ್ಲಿಯೇ ಇದ್ದ ಭಾವನೆ ಇಲ್ಲಿ ಮತ್ತೆ ಪ್ರಕಟವಾಯಿತು.

ಆದರೆ ಸಾಕ್ಷಿ ನುಡಿಯುವವನಿಗೆ ಕೆಲವೊಮ್ಮೆ ಬಾಗಿಲು ಮುಚ್ಚುತ್ತದೆ; ಬಾಗಿಲು ತೆರೆದಿರಬೇಕೆಂದರೆ ಬಾಯಿ ಮುಚ್ಚಬೇಕಾಗುತ್ತದೆ. ಪೋಲ್ ಪಾಟ್‌ನ ಆಳ್ವಿಕೆ ಉರುಳಿದ ೧೯೭೯ರಲ್ಲಿ ಕಾಂಬೋಡಿಯಕ್ಕೆ ನೆರವು ಒಯ್ಯಲು ಹಲವು ಸಂಸ್ಥೆಗಳು ಆಕ್ಸ್‌ಫ್ಯಾಮಿನ ನೇತೃತ್ವದಲ್ಲಿ ಒಂದುಗೂಡಿದುವು. ಥಾಯ್‌ಲೆಂಡಿನ ಗಡಿಯಲ್ಲಿ ನೆರೆದವರಿಗೆ ನೆರವು ಕೊಡಕೂಡದೆಂದು ನೋಮ್ ಪೆನ್‌ನ ಹೊಸ ಸರ್ಕಾರ ಷರತ್ತು ಹಾಕಿತು. ರೆಡ್ ಕ್ರಾಸ್ ಮತ್ತು ಯೂನಿಸೆಫ್ ಸಂಸ್ಥೆಗಳು ಒಪ್ಪಲಿಲ್ಲ, ಆಕ್ಸ್‌ಫ್ಯಾಮ್ ಒಪ್ಪಿತು. ದೇಶದ ಒಳಗಿನ ಬಹುಸಂಖ್ಯೆಯ ಜನರನ್ನು ಬೇಗ ಮುಟ್ಟಬೇಕೆಂಬುದು ಅದರ ಸಮಾಧಾನ. ಹಸಿದವರಲ್ಲಿ ಭೇದ ಮಾಡಿದಂತಾಯಿತೆಂಬುದು ವಿಮರ್ಶಕರ ಆಕ್ಷೇಪ. ೧೯೮೪ರಲ್ಲಿ ಪ್ರಕಟವಾದ ವಿಲಿಯಂ ಷಾಕ್ರಾಸನ ಗ್ರಂಥವು ಈ ಇಡೀ ಪರಿಹಾರಕಾರ್ಯವನ್ನು ಕಠಿಣವಾದ ಪರೀಕ್ಷೆಗೆ ಗುರಿಮಾಡಿತು. ಮುಟ್ಟಿಸಿದ ಅಕ್ಕಿಯ ತೂಕವನ್ನು ವರದಿಯಲ್ಲಿ ಬರೆಯಬಹುದು. ಅದಕ್ಕಾಗಿ ಒಪ್ಪಿಕೊಂಡ ಷರತ್ತಿನ ತೂಕವನ್ನು ಬರೆಯುವುದಕ್ಕೆ ಅಂಕಣವಿಲ್ಲ.

೭

ವರ್ಷವೆಂಬ ಅಳತೆಯ ದೋಷ ಅತ್ಯಂತ ಸ್ಪಷ್ಟವಾಗಿ ಕಂಡುದು ೧೯೮೪ರಲ್ಲಿ. ಇಥಿಯೋಪಿಯದಲ್ಲಿ ಬರದ ಸೂಚನೆಗಳು ಅದಕ್ಕಿಂತ ಬಹಳ ಹಿಂದೆಯೇ ತೋರಿದ್ದುವು. ಪ್ರಪಂಚದ ಮನ ಕಲಕಿದುದು ಆ ವರ್ಷದ ಅಕ್ಟೋಬರ್ ೨೩ರಂದು ಬಿ.ಬಿ.ಸಿ. ಟೆಲಿವಿಷನ್ ಕೋರೆಮ್ ಶಿಬಿರದ ದೃಶ್ಯಗಳನ್ನು ತೋರಿಸಿದಾಗ. ಅನಂತರ ದಾನಸಂಸ್ಥೆಗಳಿಗೆ ಹಣದ ಹೊಳೆಯೇ ಹರಿಯಿತು. ಆದಾಯದ ಏರಿಕೆಯ ರೇಖೆಯನ್ನು ಮಾತ್ರ ನೋಡಿದವನು, ಹಸಿವು ಅಕ್ಟೋಬರಿನಲ್ಲಿ ಹುಟ್ಟಿತೆಂದು ತಿಳಿದಾನು. ಆ ರೇಖೆ ಅಳೆಯುವುದು ಹಸಿದವರ ಸಂಖ್ಯೆಯನ್ನಲ್ಲ, ನೋಡಿದವರ ಸಂಖ್ಯೆಯನ್ನು. ಟೆಲಿವಿಷನ್ನಿನ ಕಣ್ಣು ಬೀಳದ ಕ್ಷಾಮಗಳಿಗೆ ಇಂತಹ ರೇಖೆಯೇ ಇಲ್ಲ.

೧೯೯೪ರಲ್ಲಿ ರುವಾಂಡದಿಂದ ಓಡಿಬಂದವರು ಜಯೀರಿನ ಗೋಮಾ ಪಟ್ಟಣದ ಸುತ್ತಣ ಲಾವಾಶಿಲೆಯ ನೆಲದಲ್ಲಿ ಬೀಡುಬಿಟ್ಟರು. ಕಾಲರ ಮತ್ತು ಆಮಶಂಕೆಗಳಿಂದ ಮೊದಲ ತಿಂಗಳಿನಲ್ಲಿಯೇ ಸುಮಾರು ಐವತ್ತು ಸಾವಿರ ಮಂದಿ ಸತ್ತರು. ಅಲ್ಲಿ ಅನ್ನಕ್ಕಿಂತ ನೀರು ದೊಡ್ಡದಾಯಿತು. ನೀರಿನ ಪೂರೈಕೆಯಲ್ಲಿ ಅನುಭವ ಗಳಿಸಿದ್ದ ಆಕ್ಸ್‌ಫ್ಯಾಮ್ ಮುಂತಾದ ಸಂಸ್ಥೆಗಳು ದುಡಿದುವಾದರೂ, ಒಟ್ಟು ಪರಿಹಾರಕಾರ್ಯದಲ್ಲಿ ಅನೇಕ ಲೋಪಗಳಿದ್ದುವೆಂದು ೧೯೯೬ರಲ್ಲಿ ಪ್ರಕಟವಾದ ಸಂಯುಕ್ತ ಪರಿಶೀಲನೆಯು ತೋರಿಸಿತು. ಇದರ ಫಲವಾಗಿ ೧೯೯೭ರಲ್ಲಿ ಸಂಸ್ಥೆಗಳು ಒಟ್ಟುಗೂಡಿ ಸಮಾನವಾದ ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸುವ ಕಾರ್ಯವನ್ನು ಕೈಗೊಂಡುವು. ಒಬ್ಬನಿಗೆ ದಿನಕ್ಕೆ ಕನಿಷ್ಠ ಹದಿನೈದು ಲೀಟರು ನೀರು ಎಂಬುದು ಅಂತಹ ಮಟ್ಟಗಳಲ್ಲಿ ಒಂದು. ಇದು ಗುರುತರವಾದ ಬದಲಾವಣೆ. ಹಿಂದಿನ ಲೆಕ್ಕ ಕೊಟ್ಟವನ ಕಡೆಯಿಂದ ಹೊರಡುತ್ತಿತ್ತು: ಇಷ್ಟು ಕೊಟ್ಟೆವು. ಹೊಸ ಲೆಕ್ಕ ಪಡೆಯುವವನ ಕಡೆಯಿಂದ ಹೊರಟಿತು: ಇವನಿಗೆ ಇಷ್ಟು ಸಲ್ಲಬೇಕು, ಸಂದಿದೆಯೇ? ೧೮೭೭ರಲ್ಲಿ ಕಾರ್ನಿಷನು ಟೆಂಪಲನಿಗೆ ಹಾಕಿದ ಪ್ರಶ್ನೆಯೂ ಮೂಲತಃ ಇದೇ ಆಗಿದ್ದಿತು.

೮

ಇತ್ತೀಚಿನ ಎರಡು ಸಂಗತಿಗಳನ್ನು ಹೇಳಿ ಮುಗಿಸಬಹುದು. ೨೦೧೦ರ ಭೂಕಂಪದ ಅನಂತರ ಹೈತಿಯಲ್ಲಿ ದುಡಿಯುತ್ತಿದ್ದ ಸಂಸ್ಥೆಯ ಕೆಲವು ನೌಕರರ ಲೈಂಗಿಕ ದುರ್ನಡತೆಯ ವಿಷಯದಲ್ಲಿ ೨೦೧೧ರಲ್ಲಿ ಒಳಗೇ ವಿಚಾರಣೆ ನಡೆದಿತ್ತು. ಅದರ ಪೂರ್ಣ ವಿವರ ಹೊರಬಿದ್ದುದು ೨೦೧೮ರಲ್ಲಿ, ವೃತ್ತಪತ್ರಿಕೆಯ ಮೂಲಕ. ಬ್ರಿಟನ್ನಿನ ದಾನಸಂಸ್ಥೆಗಳ ಆಯೋಗವು ೨೦೧೯ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಂಸ್ಥೆಯು ೨೦೧೧ರಲ್ಲಿ ವಿಷಯವನ್ನು ಪೂರ್ಣವಾಗಿಯೂ ಮುಚ್ಚುಮರೆಯಿಲ್ಲದೆಯೂ ತಿಳಿಸಲಿಲ್ಲವೆಂದು ಹೇಳಿ ಅಧಿಕೃತವಾದ ಎಚ್ಚರಿಕೆಯನ್ನು ಕೊಟ್ಟಿತು. ಹೈತಿಯಲ್ಲಿ ಕೊಟ್ಟ ನೀರು, ಕಟ್ಟಿದ ಶೌಚಾಲಯಗಳು ಸುಳ್ಳಲ್ಲ. ಆದರೆ ಪಡೆದವರ ದೂರು ಕೊಟ್ಟವರ ವರದಿಯಲ್ಲಿ ಏಳು ವರ್ಷ ಜಾಗ ಪಡೆಯಲಿಲ್ಲ. ಮೇಲೆ ಹೇಳಿದ ದತ್ತಿಶಾಸನದ ಹೋಲಿಕೆ ಇಲ್ಲಿ ಕೇವಲ ಅಲಂಕಾರವಾಗಿ ಉಳಿಯುವುದಿಲ್ಲ.

ಎರಡನೆಯದು, ಆಸ್ತಿಯ ಅಸಮಾನತೆಯ ವಿಷಯದಲ್ಲಿ ಸಂಸ್ಥೆಯು ದಾವೋಸಿನ ಸಮ್ಮೇಳನದ ವೇಳೆಗೆ ಪ್ರಕಟಿಸುತ್ತ ಬಂದಿರುವ ವರದಿಗಳು. ಪ್ರಪಂಚದ ಜನರಲ್ಲಿ ಬಡವರಾದ ಅರ್ಧಭಾಗಕ್ಕೆ ಇರುವಷ್ಟು ಆಸ್ತಿಯು ಎಂಬತ್ತೈದು ಮಂದಿ ಧನಿಕರಲ್ಲಿ ಇದೆಯೆಂದು ೨೦೧೪ರ ವರದಿ ಹೇಳಿತು. ಸಾಲವನ್ನು ಕಳೆದು ಆಸ್ತಿಯನ್ನು ಎಣಿಸುವ ಕ್ರಮದಿಂದ, ಸಾಲಮಾಡಿದ ಸ್ಥಿತಿವಂತನೂ ಬಡವರ ಪಟ್ಟಿಗೆ ಸೇರಿಬಿಡುತ್ತಾನೆಂದು ಕೆಲವು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಪರಿಹಾರದಿಂದ ಹೊರಟ ಸಂಸ್ಥೆಯೊಂದು ಕಾರಣದ ವಿಚಾರಕ್ಕೆ ಬಂದು ಮುಟ್ಟಿದುದು ಅದರ ಚರಿತ್ರೆಯ ಸಹಜವಾದ ಗತಿಯೇ ಆಗಿದೆ. ದಿಗ್ಬಂಧನವನ್ನು ಪ್ರಶ್ನಿಸಿ ಹುಟ್ಟಿದ ಸಮಿತಿಗೆ ಇದು ಹೊಸ ದಾರಿಯಲ್ಲ.

ಇಷ್ಟರಿಂದ ಸಂಶೋಧಕನಿಗೆ ದೊರೆಯುವ ಫಲವೇನು? ವಾರ್ಷಿಕ ವರದಿಯನ್ನು ತಿರಸ್ಕರಿಸಬೇಕೆಂದು ಇಲ್ಲಿ ಹೇಳಿಲ್ಲ. ದತ್ತಿಶಾಸನಗಳಿಲ್ಲದೆ ನಮ್ಮ ಇತಿಹಾಸವಿಲ್ಲ. ಹಾಗೆಯೇ ಈ ವರದಿಗಳಿಲ್ಲದೆ ಪರಿಹಾರಕಾರ್ಯದ ಇತಿಹಾಸವಿಲ್ಲ. ಆದರೆ ಅವನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಲೆಕ್ಕವು ಒಂದು ವರ್ಷದಲ್ಲಿ ಮುಗಿಯುವ ಕಾರ್ಯದ್ದೋ, ಸುಗ್ಗಿಯಿಂದ ಸುಗ್ಗಿಗೆ ನಡೆಯುವ ಕಾರ್ಯದ್ದೋ? ಫಲದಲ್ಲಿ ಸರ್ಕಾರದ ಮತ್ತು ಇತರರ ಪಾಲೆಷ್ಟು? ನೆರವು ಮುಟ್ಟಿಸಲು ಯಾವ ಷರತ್ತಿಗೆ ಒಪ್ಪಬೇಕಾಯಿತು? ಪಡೆದವರ ಮಾತು ಎಲ್ಲಿ ದಾಖಲೆಯಾಗಿದೆ? ಮೊದಲಿನ ಮೂರಕ್ಕೆ ಗ್ರಂಥಭಂಡಾರಗಳಲ್ಲಿಯೂ ಸರ್ಕಾರದ ಕಡತಗಳಲ್ಲಿಯೂ ಉತ್ತರ ಹುಡುಕಬಹುದು. ನಾಲ್ಕನೆಯದಕ್ಕೆ ಊರೂರಿಗೆ ಹೋಗಬೇಕು. ಧಾತು ಈಶ್ವರದ ಬರದಲ್ಲಿ ಎತ್ತು ಪಡೆದ ರೈತನ ಮಾತನ್ನು ಕೇಳುವ ಕಾಲ ಮೀರಿಹೋಗಿದೆ. ಬಿಹಾರದ ಬರವನ್ನೂ ೧೯೭೧ರ ಶಿಬಿರಗಳನ್ನೂ ಬಾಲ್ಯದಲ್ಲಿ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ತರುಣ ಸಂಶೋಧಕರು ಅವರ ಮಾತನ್ನು ಬರೆದಿಡುವ ಕಾರ್ಯವನ್ನು ಕೈಕೊಂಡರೆ, ಕೊಟ್ಟವರ ಶಾಸನದ ಪಕ್ಕದಲ್ಲಿ ಪಡೆದವರ ಸಾಕ್ಷ್ಯವೂ ಇರುವುದು.